ಮಾತ್ರೆ ನುಂಗಿದವಳ ಮಾತು

ಜನವರಿ 9, ಗುರುವಾರ

ಕಣ್ಣಿನ ಆಪರೇಷನ್ ಇವತ್ತು ಮೂರನೇ ಸಲ ಮುಂದೆ ಹೋಯಿತು. ಹಸಿರು ಗೌನ್ ಹಾಕಿಸಿ, ಕಣ್ಣಿಗೆ ಡ್ರಾಪ್ಸ್ ಬಿಟ್ಟು, ಎಲ್ಲ ಆದ ಮೇಲೆ ಬಿಪಿ ನೋಡಿದರು. ನೂರ ಎಂಬತ್ತನಾಲ್ಕು, ನೂರ ಎರಡು. ನೋಡಿದ ನರ್ಸ್ ಹುಡುಗಿ ಏನೂ ಹೇಳದೆ ಡಾಕ್ಟರನ್ನು ಕರೆಯಲು ಹೋದಳು. ನನಗೆ ಆಗಲೇ ಗೊತ್ತಾಯಿತು. ಮೂವತ್ತನಾಲ್ಕು ವರ್ಷ ನಾನೂ ಹಾಗೆಯೇ ಏನೂ ಹೇಳದೆ ಹೋದವಳು, ಅದರಲ್ಲಿ ಹದಿನೈದು ವರ್ಷ ಹೆಡ್ ನರ್ಸ್ ಆಗಿ.

ಅಲ್ಲಿಂದ ನಮ್ಮ ದೊಡ್ಡ ಡಾಕ್ಟರ ಹತ್ತಿರ ಹೋದೆವು. ಅವರು ಕೇಳಿದ್ದು ನನ್ನನ್ನಲ್ಲ, ಮಗಳು ಆನ್ಸಿಯನ್ನು. "ಮಮ್ಮಿ ಮಾತ್ರೆ ಸರಿಯಾಗಿ ತೆಗೊಳ್ತಾರಾ?"

"ಡಾಕ್ಟ್ರೇ, ನಾನು ಇಲ್ಲಿಯೇ ಇದ್ದೇನೆ. ನನಗೆ ಕಣ್ಣು ಮಾತ್ರ ಮಂಜು, ಕಿವಿ ಕೇಳ್ತದೆ," ಅಂದೆ. ಅವರು ನಕ್ಕರು. ಆನ್ಸಿ ನಗಲಿಲ್ಲ. ಕಾರಿನಲ್ಲಿ ಕುಳಿತ ಮೇಲೆ ಹೇಳಿದಳು, "ಅಲೆಕ್ಸ್ ಅಂಕಲ್ ಮಾಡಿದ ಹಾಗೆ ಮಾಡ್ಬೇಡಿ ಮಮ್ಮಿ."

ಅಲೆಕ್ಸ್ ನನ್ನ ತಮ್ಮ. ಪಣಂಬೂರಿನ ಬಂದರಿನಲ್ಲಿ ಕ್ರೇನ್ ಓಡಿಸುತ್ತಿದ್ದ. ಎರಡು ವರ್ಷದ ಹಿಂದೆ ಮೆದುಳಿನಲ್ಲಿ ರಕ್ತನಾಳ ಒಡೆದು ಹೋಗಿಬಿಟ್ಟ, ಐವತ್ತಾರು ವರ್ಷಕ್ಕೆ. ಅವನೂ "ತೆಗೊಳ್ತೇನೆ, ತೆಗೊಳ್ತೇನೆ" ಅಂತಲೇ ಹೇಳುತ್ತಿದ್ದ. ಅವನು ಸುಳ್ಳು ಹೇಳುತ್ತಿದ್ದ. ನಾನು ಹೇಳುವುದಿಲ್ಲ, ಅಷ್ಟೇ ವ್ಯತ್ಯಾಸ.

ಈ ಪುಸ್ತಕದಲ್ಲಿ ಬಾಯಿಗೆ ಬಂದ ಹಾಗೆ ಬರೆಯಬಹುದು, ಅದೊಂದು ಸುಖ. ರುಡೊಲ್ಫ್ ಬೊಂಬಾಯಿಯಲ್ಲಿ ಹುಟ್ಟಿ ಬೆಳೆದವನು, ನನ್ನ ಗಂಡನಾಗಿ ನಲವತ್ತು ವರ್ಷವಾದರೂ ಕನ್ನಡ ಓದಲಿಕ್ಕೆ ಬರುವುದಿಲ್ಲ. ಆನ್ಸಿಗೆ ಬಸ್ಸಿನ ಬೋರ್ಡ್ ಓದುವಷ್ಟು ಬರುತ್ತದೆ. ನನ್ನ ಕೈಬರಹ ಅವಳಿಗೆ ದಕ್ಕುವುದಿಲ್ಲ.

ಜನವರಿ 12, ಭಾನುವಾರ

ಇಗರ್ಜಿಯ ಪೂಜೆ ಮುಗಿಸಿ ಬಂದವಳೇ ಆನ್ಸಿ ಅಡಿಗೆಮನೆಗೆ ನುಗ್ಗಿದಳು. ಒಣಮೀನಿನ ಡಬ್ಬಿ ಹೋಯಿತು. ಮಿಡಿ ಉಪ್ಪಿನಕಾಯಿ ಭರಣಿ ಪಕ್ಕದ ಮನೆಗೆ ಹೋಯಿತು. ಹಪ್ಪಳ ಸಹ ಹೋಯಿತು. ಸರಿ, ಹೋಗಲಿ. ಆಮೇಲೆ ನನ್ನ ಮಾತ್ರೆಯ ಸ್ಟ್ರಿಪ್ ತೆಗೆದುಕೊಂಡು ಖರೀದಿಸಿದ ತಾರೀಕು ನೋಡಿ ಲೆಕ್ಕ ಮಾಡಿದಳು. ಒಂದು ಹೆಚ್ಚಿಲ್ಲ, ಒಂದು ಕಮ್ಮಿ ಇಲ್ಲ.

"ಆಯ್ತಲ್ಲ? ಇನ್ನು ಬಾಯಿ ಮುಚ್ಚು," ಅಂದೆ.

"ಮಮ್ಮಿ, ನೀವು ನರ್ಸ್. ಲೆಕ್ಕ ಸರಿ ಮಾಡ್ಲಿಕ್ಕೆ ನಿಮಗೆ ಬೇರೆಯವರು ಕಲಿಸ್ಬೇಕಾ? ಒಂದು ಟಾಯ್ಲೆಟ್‌ಗೆ ಹಾಕಿ ಫ್ಲಶ್ ಮಾಡಿದ್ರೆ ಮುಗೀತು."

ಮಂಡೆ ಬಿಸಿಯಾಯಿತು ನನಗೆ. ಹೆತ್ತ ಮಗಳು! ಗಂಡ ದೋಹಾದಲ್ಲಿ, ಇವಳು ನಮ್ಮೊಟ್ಟಿಗೆ, ಮೂರು ಹೊತ್ತು ನಾನು ಬೇಯಿಸಿದ್ದನ್ನು ತಿನ್ನುವವಳು. ನನ್ನನ್ನು ಕಳ್ಳಿ ಮಾಡಿಬಿಟ್ಟಳು. ಇಂಥ ಬುದ್ಧಿ ಎಲ್ಲಿಂದ ಬಂತು ಇವಳಿಗೆ, ನನಗೆ ಗೊತ್ತಿಲ್ಲ.

ರುಡೊಲ್ಫ್ ಇಂಗ್ಲಿಷ್ ಪೇಪರಿನ ಹಿಂದಿನಿಂದಲೇ ಹೇಳಿದ. "ಬಿಡು ಆನ್ಸಿ. ತೆರೆಸ್ ತೆಗೊಳ್ತಾಳೆ. ನನಗೆ ನಂಬಿಕೆ ಉಂಟು."

ಒಬ್ಬನಾದರೂ ಇದ್ದಾನಲ್ಲ.

ಜನವರಿ 20, ಸೋಮವಾರ

ಡೋಸ್ ಡಬಲ್ ಮಾಡಿದರು. ಐವತ್ತು ಇದ್ದದ್ದು ನೂರು. ಡಾಕ್ಟರು ಚೀಟಿ ಕೊಟ್ಟದ್ದು ಆನ್ಸಿಯ ಕೈಗೆ. ಈಗ ಅವಳ ಎದುರು ನುಂಗಬೇಕು, ಬಾಯಿ ತೆರೆದು ನಾಲಗೆ ಎತ್ತಿ ತೋರಿಸಬೇಕು. ಹುಚ್ಚಾಸ್ಪತ್ರೆಯಲ್ಲಿ ಮಾಡುವ ಹಾಗೆ. ಎರಡು ದಿನ ತೋರಿಸಿದೆ. ಮೂರನೇ ದಿನ ಬಾಯಿ ತೆರೆಯಲಿಲ್ಲ. "ನೋಡಿದ್ರಾ ಡ್ಯಾಡಿ!" ಅಂತ ಒಂದು ಬೊಬ್ಬೆ.

ಅರವತ್ತೇಳು ವರ್ಷದವಳು ನಾನು. ಇನ್ನು ಯಾರಿಗೂ ನಾಲಗೆ ಎತ್ತಿ ತೋರಿಸುವುದಿಲ್ಲ.

ಬಿಪಿ 178/100. ನಾಡಿ 94.

ಜನವರಿ 28, ಮಂಗಳವಾರ

180/100. ನಾಡಿ 92. ಬರೆಯಲು ಮನಸ್ಸಿಲ್ಲ.

ಫೆಬ್ರವರಿ 2, ಭಾನುವಾರ

ಇವತ್ತು ಒಂದು ಆಶ್ಚರ್ಯ ನಡೆಯಿತು. ಬರೆಯದಿದ್ದರೆ ನಾಳೆ ನಾನೇ ನಂಬಲಿಕ್ಕಿಲ್ಲ.

ಸಂಜೆ ಐದು ಗಂಟೆಗೆ ರುಡೊಲ್ಫ್ ಅಡಿಗೆಮನೆಗೆ ಹೋಗಿ ಒಲೆ ಹಚ್ಚಿದ. ನಲವತ್ತು ವರ್ಷದಲ್ಲಿ ಒಂದು ಲೋಟ ತೊಳೆದವನಲ್ಲ. "ಎಂತ ಮಾರಾಯ, ಮನೆಗೆ ಬೆಂಕಿ ಹಾಕ್ತೀಯಾ?" ಅಂದೆ. ಮೆಂತೆ ಪೇಜ್ ಮಾಡುತ್ತಾನಂತೆ. ಮೆಂತೆ ಹಾಕಿದ ಗಂಜಿ ಬಿಪಿಗೆ ಒಳ್ಳೆಯದು ಅಂತ ಯಾರೋ ವಾಟ್ಸಾಪಿನಲ್ಲಿ ಕಳಿಸಿದ್ದಾರಂತೆ. ಕುಚ್ಚಲಕ್ಕಿ ಅರ್ಧ ಬೆಂದಿತ್ತು, ಮೆಂತೆ ಕೈ ಮೀರಿ ಬಿದ್ದಿತ್ತು, ಕಹಿ ಅಂದರೆ ಕಹಿ. ನಾನು ಒಂದು ಅಗುಳು ಬಿಡದೆ ತಿಂದೆ. ತಿಂದು ಮುಗಿಯುವವರೆಗೆ ಎದುರು ಕುಳಿತು ನೋಡಿದ. ಮದುವೆಯಾದ ಹೊಸತರಲ್ಲಿ ಸಹ ಹಾಗೆ ನೋಡಿದವನಲ್ಲ.

ಕೋಣೆಗೆ ಬಂದು ಸ್ವಲ್ಪ ಅತ್ತೆ. ಸಂತೋಷಕ್ಕೇ.

ಫೆಬ್ರವರಿ 11, ಮಂಗಳವಾರ

148/88! ಜೆಜು, ಮರಿ, ಜುಜೆ ಅಂತ ಪವಿತ್ರ ಕುಟುಂಬವನ್ನೇ ಕರೆದೆ! ಮೂರು ಸಲ ನೋಡಿದೆ, ಎಡಗೈ, ಬಲಗೈ, ಪುನಃ ಎಡಗೈ. ಅದೇ ನಂಬರು.

ರುಡೊಲ್ಫ್ ದಿನಾ ಪೇಜ್ ಮಾಡುತ್ತಿದ್ದಾನೆ. ಈಗ ಕೈ ಪಳಗಿದೆ, ಅಕ್ಕಿ ಬೇಯುತ್ತದೆ. ನನ್ನ ಬಟ್ಟಲಿಗೆ ಅವನೇ ಬಡಿಸುತ್ತಾನೆ, ನನ್ನನ್ನು ಅಡಿಗೆಮನೆಗೆ ಬಿಡುವುದಿಲ್ಲ.

ಫೆಬ್ರವರಿ 17, ಸೋಮವಾರ

136/82. ಡಾಕ್ಟರು ಮೇಜು ತಟ್ಟಿದರು. "ಈಗ ದಾರಿಗೆ ಬಂದ್ರಿ ನೋಡಿ ಸಿಸ್ಟರ್. ಸರಿಯಾಗಿ ತೆಗೊಂಡ್ರೆ ಮಾತ್ರೆ ಕೆಲಸ ಮಾಡಿಯೇ ಮಾಡ್ತದೆ."

"ನಾನು ಮೊದಲೂ ಸರಿಯಾಗಿಯೇ ತೆಗೊಳ್ತಿದ್ದೆ," ಅಂದೆ.

"ಆಯ್ತು ಆಯ್ತು," ಅಂದರು, ಸಣ್ಣ ಮಕ್ಕಳನ್ನು ಸಮಾಧಾನ ಮಾಡುವ ಹಾಗೆ. ಆನ್ಸಿ ನನ್ನ ಬೆನ್ನು ಸವರಿದಳು. ಆ ಕೈಯನ್ನು ತಳ್ಳಿಬಿಡುವ ಅಂತ ಕಂಡಿತು. ಬಿಪಿ ಇಳಿದರೆ ನನ್ನ ಮಾನ ಉಳಿಯುತ್ತದೆ ಅಂತ ನಾನು ಎಣಿಸಿದ್ದೆ. ಇಳಿದದ್ದರಿಂದಲೇ ನಾನು ಸುಳ್ಳಿ ಅಂತ ಸೀಲು ಬಿತ್ತು.

ಮನೆಗೆ ಬಂದು ಯೋಚಿಸಿದೆ. ನಿಜವಾಗಿ ನಾನು ಮೊದಲು ಮರೆಯುತ್ತಿದ್ದೆನಾ? ಬೆಳಿಗ್ಗೆ ನುಂಗಿದ್ದೇನೆ ಅಂತ ನನಗೆ ಅನಿಸಿದ್ದು ಮಾತ್ರವಾ? ನನಗೇ ನನ್ನ ಮೇಲೆ ಸಂಶಯ ಬರುತ್ತಿದೆ. ರುಡೊಲ್ಫ್‌ಗೆ ಕೇಳಿದೆ. "ಈಗ ಕಮ್ಮಿ ಆಯ್ತಲ್ಲ ತೆರೆಸ್, ಇನ್ನು ಅದೆಲ್ಲ ಎಂತಕ್ಕೆ?" ಅಂದ. ಕಣ್ಣಿಗೆ ಕಣ್ಣು ಕೊಡಲಿಲ್ಲ. ಪಾಪ, ನನಗೆ ಬೇಜಾರಾಗಬಾರದು ಅಂತ.

ಫೆಬ್ರವರಿ 24, ಸೋಮವಾರ

ಪಾದ ಎರಡೂ ಊದಿದೆ. ಸಂಜೆಗೆ ಚಪ್ಪಲಿಯ ಪಟ್ಟಿ ಕಚ್ಚುತ್ತದೆ. ಬೆರಳಿನಿಂದ ಒತ್ತಿದರೆ ಗುಂಡಿ ಬೀಳುತ್ತದೆ, ಮೇಲೆ ಬರಲು ಹೊತ್ತು ಬೇಕು.

ಹೃದಯವಾ, ಕಿಡ್ನಿಯಾ? ದಮ್ಮು ಕಟ್ಟುವುದಿಲ್ಲ, ಮೂತ್ರ ಸರಿ ಹೋಗುತ್ತದೆ. ಇನ್ನೊಂದು ಕಾರಣ ಉಂಟು, ವಾರ್ಡಿನಲ್ಲಿ ನೂರಾರು ಸಲ ನೋಡಿದ್ದು: ಅಮ್ಲೋಡಿಪಿನ್. ಅದು ರುಡೊಲ್ಫ್‌ನ ಬಿಪಿ ಮಾತ್ರೆ, ಅವನಿಗೂ ಮೊದಮೊದಲು ಹೀಗೆಯೇ ಊದುತ್ತಿತ್ತು. ಆದರೆ ನನ್ನದು ಮೆಟೊಪ್ರೊಲಾಲ್, ಅದಕ್ಕೆ ಪಾದ ಹೀಗೆ ಊದುವುದಿಲ್ಲ. ನಾಡಿ 90. ಕಾಲು ದಿಂಬಿನ ಮೇಲಿಟ್ಟು ಮಲಗುತ್ತೇನೆ.

ಮಾರ್ಚ್ 1, ಶನಿವಾರ

ಆದದ್ದನ್ನು ಆದ ಹಾಗೆಯೇ ಬರೆಯುತ್ತೇನೆ.

ಬೆಳಿಗ್ಗೆ ಕುಲಶೇಖರ ಜಂಕ್ಷನ್ನಿನಲ್ಲಿ ಅಹ್ಮದ್ ಬಾವನ ಮೆಡಿಕಲ್‌ಗೆ ಹೋದೆ. ನಮ್ಮ ಮನೆಯ ಮಾತ್ರೆಯೆಲ್ಲ ಅಲ್ಲಿಂದಲೇ. ಬಾವ ನನ್ನ ಸ್ಟ್ರಿಪ್ ಕೊಟ್ಟ ಮೇಲೆ ಕೇಳಿದ, "ಬಾಯಮ್ಮ, ನಿಮ್ಮ ಯಜಮಾನರಿಗೆ ಡಾಕ್ಟ್ರು ಡೋಸ್ ಜಾಸ್ತಿ ಮಾಡಿದ್ರಾ? ಹೋದ ತಿಂಗಳಿಂದ ಅಮ್ಲೋಡಿಪಿನ್ ಎರಡು ಪಟ್ಟು ತೆಗೊಂಡು ಹೋಗ್ತಾರೆ. ಜಾಗ್ರತೆ ಮಾಡಿ, ಕಾಲು ಊದ್ತದೆ."

ಕೌಂಟರ್ ಹಿಡಿದು ನಿಂತೆ. ಬಾವ ಸ್ಟೂಲ್ ತಂದ. ಕುಳಿತುಕೊಂಡು ನನ್ನ ಪಾದ ನೋಡಿಕೊಂಡೆ.

ಮನೆಗೆ ಬಂದವಳು ಚಪ್ಪಲಿ ಸಹ ಬಿಚ್ಚಲಿಲ್ಲ. "ಪೇಜ್‌ಗೆ ಎಂತ ಹಾಕ್ತೀ?" ಅಂತ ಕೇಳಿದೆ. ರುಡೊಲ್ಫ್ ಟಿವಿ ಬಂದ್ ಮಾಡಿದ. ಅಷ್ಟರಲ್ಲೇ ಗೊತ್ತಾಯಿತು.

"ಒಂದು ಮಾತ್ರೆ. ಪುಡಿ ಮಾಡಿ."

"ನಂಬಿಕೆ ಉಂಟು ಅಂತ ಹೇಳಿದ್ದಿ ನೀನು! ಈ ಬಾಯಿಯಿಂದಲೇ ಹೇಳಿದ್ದಿ!"

"ತೆರೆಸ್, ಅಲೆಕ್ಸ್‌ನ ಪೆಟ್ಟಿಗೆಗೆ ಹೆಗಲು ಕೊಟ್ಟವ ನಾನು. ನಿನ್ನದಕ್ಕೂ ಕೊಡ್ಬೇಕಾ?"

"ಕೇಳಬಹುದಿತ್ತಲ್ಲ ನನ್ನನ್ನು?"

"ಕೇಳಿದ್ರೆ ತೆಗೊಳ್ತೇನೆ ಅಂತ ಹೇಳ್ತಿದ್ದಿ. ಅವನೂ ಹಾಗೇ ಹೇಳ್ತಿದ್ದದ್ದು. ಲೆಕ್ಕ ಸರಿ ಇದ್ರೂ ಪೇಷಂಟನ್ನು ನಂಬ್ಲಿಕ್ಕಿಲ್ಲ ಅಂತ ನಮಗೆಲ್ಲ ಹೇಳಿಕೊಟ್ಟವಳು ನೀನೇ ಅಲ್ವಾ?"

ನಾನು ಪೇಷಂಟಾ? ಇವನಿಗೆ ನಾನು ಪೇಷಂಟಾ? ಆನ್ಸಿಗೂ ಗೊತ್ತಿತ್ತು. ಅವಳು ಬಾಗಿಲ ಹತ್ತಿರ ನಿಂತ ರೀತಿಯಲ್ಲೇ ತಿಳಿಯಿತು. ಇಬ್ಬರೂ ಸೇರಿ ಒಂದು ತಿಂಗಳು ನನಗೆ ಗುಟ್ಟಾಗಿ ಮದ್ದು ಹಾಕಿದ್ದಾರೆ, ನಾಯಿಗೆ ಮಾಂಸದಲ್ಲಿಟ್ಟು ಹಾಕುವ ಹಾಗೆ. ಬೈದವಳ ಮೇಲೆ ಇಷ್ಟು ಸಿಟ್ಟಿಲ್ಲ ನನಗೆ. ನಂಬುತ್ತೇನೆ ಅಂತ ಹೇಳಿ ಎದುರು ಕುಳಿತು ನೋಡಿದನಲ್ಲ, ಅವನ ಮೇಲೆ. ಅದನ್ನು ಪ್ರೀತಿ ಅಂತ ಎಣಿಸಿ ಅತ್ತೆನಲ್ಲ, ನನ್ನ ಮೇಲೆ.

ಮಾರ್ಚ್ 2, ಭಾನುವಾರ

ಅವನು ಮುಟ್ಟಿದ್ದನ್ನು ತಿನ್ನಲಿಲ್ಲ. ಬ್ರೆಡ್, ಬಾಳೆಹಣ್ಣು. ನೀರು ಸಹ ನಾನೇ ತೆಗೆದೆ.

ಮಾರ್ಚ್ 6, ಗುರುವಾರ

ಪೇಜ್ ಬಿಟ್ಟು ಐದು ದಿನ. ಮೆಟೊಪ್ರೊಲಾಲ್ ಒಂದೂ ತಪ್ಪಿಸಿಲ್ಲ. ಬಿಪಿ ಪುನಃ 176.

ಯಾರಿಗೂ ಹೇಳದೆ ಬಸ್ಸು ಹತ್ತಿ ಕಂಕನಾಡಿಗೆ ಹೋದೆ. ಅಲ್ಲಿ ಡಾಕ್ಟರ್ ವಿಭಾ ಅಂತ ಒಬ್ಬಳ ಕ್ಲಿನಿಕ್ ಉಂಟು. ಸಣ್ಣ ಪ್ರಾಯ, ಆನ್ಸಿಗಿಂತಲೂ ಚಿಕ್ಕವಳು. ನಡೆದದ್ದೆಲ್ಲ ಹೇಳಿದೆ. ಅವಳು ಕೇಳಿದ ಮೊದಲನೇ ಪ್ರಶ್ನೆ, "ನಾಡಿ ಎಷ್ಟಿರ್ತದೆ ಸಿಸ್ಟರ್?"

ಈ ಪುಸ್ತಕ ತೆಗೆದು ಓದಿದೆ. 94, 92, 90.

"ನೂರು ಮಿಲಿಗ್ರಾಂ ಮೆಟೊಪ್ರೊಲಾಲ್ ತೆಗೊಳ್ಳುವವರ ನಾಡಿ ತೊಂಬತ್ತರ ಮೇಲಾ?" ಅಂದಳು. ನನಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಆ ಮಾತ್ರೆ ನಾಡಿ ಇಳಿಸಬೇಕು. ಇದು ನನಗೆ ಗೊತ್ತಿಲ್ಲದ್ದಾ? ಎಷ್ಟು ಹುಡುಗಿಯರಿಗೆ ಪಾಠ ಮಾಡಿದ್ದೇನೆ! ನನ್ನ ಕೈಯಿಂದಲೇ ಬರೆದಿಟ್ಟು, ಅದರ ಅರ್ಥ ಏನು ಅಂತ ಒಂದು ಸಲ ನೋಡಲಿಲ್ಲ. ಮಾತ್ರೆ ತಪ್ಪಾಗಿರಬಹುದು ಅಂತ ನನಗೂ ಹೊಳೆಯಲಿಲ್ಲ.

ಅವಳ ಎದುರೇ ಇವತ್ತಿನ ಮಾತ್ರೆ ನುಂಗಿದೆ. ಮೂರು ಗಂಟೆ ಅಲ್ಲಿ ಕೂರಿಸಿದಳು, ಅರ್ಧ ಗಂಟೆಗೊಮ್ಮೆ ಕೈ ಹಿಡಿದು ನೋಡಿದಳು. ತೊಂಬತ್ತೊಂದು, ತೊಂಬತ್ತು, ಎಂಬತ್ತೊಂಬತ್ತು. "ನೀವು ನುಂಗಿದ್ದನ್ನು ನಾನು ನೋಡಿದ್ದೇನೆ. ನಿಮ್ಮ ಮೇಲೆ ನನಗೆ ಸಂಶಯ ಇಲ್ಲ, ಮಾತ್ರೆಯ ಮೇಲೆ ಉಂಟು," ಅಂದಳು.

ಆ ಮಾತಿಗೆ ಅಳು ಬಂತು. ಕರವಸ್ತ್ರ ಹುಡುಕುವ ಹಾಗೆ ಮಾಡಿದೆ. ರಕ್ತ ತೆಗೆದು ಬೆಂಗಳೂರಿನ ಲ್ಯಾಬಿಗೆ ಕಳಿಸಿದ್ದಾಳೆ, ಜೀನ್ ಟೆಸ್ಟಿಗೆ. ಪಾದ ಊದದ ಬೇರೆ ಮಾತ್ರೆ ಬರೆದುಕೊಟ್ಟು, ಹಳೆಯದನ್ನು ಒಂದೇ ಸಲ ನಿಲ್ಲಿಸಬಾರದು, ಹಂತಹಂತವಾಗಿ ಇಳಿಸಿ ಅಂದಳು.

ಮಾರ್ಚ್ 15, ಶನಿವಾರ

138/84. ಹೊಸ ಮಾತ್ರೆ, ನನ್ನ ಕೈಯಿಂದ, ನನ್ನ ಬಾಯಿಗೆ.

ರುಡೊಲ್ಫ್ ಮೆಂತೆ ಡಬ್ಬಿ ಎಲ್ಲಿಯೋ ಒಳಗೆ ಇಟ್ಟಿದ್ದಾನೆ. ಮಾತಾಡಲು ನೋಡುತ್ತಾನೆ. ನಾನು ರೇಡಿಯೋ ಹಾಕುತ್ತೇನೆ.

ಮಾರ್ಚ್ 24, ಸೋಮವಾರ

ರಿಪೋರ್ಟ್ ಬಂತು! ಇಬ್ಬರನ್ನೂ ಕರೆದುಕೊಂಡೇ ಹೋದೆ. ಡಾಕ್ಟರ್ ವಿಭಾ ಹೇಳುವುದನ್ನು ಅವರ ಕಿವಿಯಿಂದಲೇ ಕೇಳಲಿ ಅಂತ.

ಅವಳು ನಿಧಾನಕ್ಕೆ ಹೇಳಿದಳು. ನುಂಗಿದ ಮೆಟೊಪ್ರೊಲಾಲನ್ನು ಒಡೆದು ಹಾಕುವ ಒಂದು ಕಿಣ್ವ ಲಿವರಿನಲ್ಲಿ ಉಂಟು. ಅದನ್ನು ಮಾಡಲು ಹೇಳುವ ಜೀನ್ ಸಾಮಾನ್ಯವಾಗಿ ಎರಡು ಪ್ರತಿ ಇರುತ್ತದೆ, ಅಪ್ಪನದ್ದೊಂದು, ಅಮ್ಮನದ್ದೊಂದು. ನನಗೆ ಅದು ಹೆಚ್ಚುವರಿ ಉಂಟು. ಕಿಣ್ವ ಜಾಸ್ತಿ. ಹಾಗಾಗಿ ಮಾತ್ರೆ ತನ್ನ ಕೆಲಸ ಮಾಡುವ ಮೊದಲೇ ಮುಗಿದುಹೋಗುತ್ತದೆ. ಕೆಲವರಿಗೆ ಆ ಜೀನ್ ಸರಿಯಾಗಿ ಕೆಲಸವೇ ಮಾಡುವುದಿಲ್ಲ, ಅಂಥವರಿಗೆ ಅದೇ ಮಾತ್ರೆ ಅರ್ಧ ಕೊಟ್ಟರೂ ನಾಡಿ ತೀರ ಇಳಿದು ತಲೆ ತಿರುಗುತ್ತದೆ. "ಅಮ್ಲೋಡಿಪಿನ್ ಒಡೆಯುವ ಕಿಣ್ವ ಬೇರೆ. ಪೇಜ್‌ನಲ್ಲಿ ಹಾಕಿದ್ದು ನಾಟಿದ್ದು ಅದಕ್ಕೇ. ಸಿಸ್ಟರ್ ದಿನಾ ಮಾತ್ರೆ ತೆಗೊಳ್ತಿದ್ರು, ಅವರ ಮಾತು ನಿಜ."

ಇನ್ನೊಂದು ಸಲ ಹೇಳಿ ಡಾಕ್ಟ್ರೇ ಅಂದೆ. ಹೇಳಿದಳು. ಆನ್ಸಿ ನನ್ನ ಮಡಿಲಿಗೆ ತಲೆ ಹಾಕಿ ಅತ್ತಳು. ರುಡೊಲ್ಫ್ ಕನ್ನಡಕ ತೆಗೆದು ಒರೆಸಿದ, ಪುನಃ ಒರೆಸಿದ. "ತಪ್ಪಾಯ್ತು ತೆರೆಸ್," ಅಂದ. ನಾನು ಆಯ್ತು ಅಂತ ಹೇಳಲಿಲ್ಲ. ಅಷ್ಟು ಸುಲಭವಾ? ಕಾಗದ ಬಂದ ಮೇಲೆ ನಂಬುವುದು ಯಾರಿಗೂ ಆಗುತ್ತದೆ. ಕಣ್ಣಿನ ಆಪರೇಷನ್‌ಗೆ ಏಪ್ರಿಲ್ ಎಂಟಕ್ಕೆ ದಿನ ಸಿಕ್ಕಿತು.

ಏಳುವಾಗ ಡಾಕ್ಟರ್ ಒಂದು ಕೇಳಿದಳು. ಒಡಹುಟ್ಟಿದವರು ಯಾರಾದರೂ ಇದ್ದಾರಾ, ಅವರಿಗೂ ಇದು ಇರಬಹುದು, ಹೇಳಿಡಿ ಅಂತ. ಒಬ್ಬ ಇದ್ದ ಅಂದೆ. ಅವನಿಗೆ ಯಾವ ಮಾತ್ರೆ ಇತ್ತು ಅಂತ ಕೇಳಿದಳು.

ಇದೇ ಮಾತ್ರೆ.

"ಅವರಿಗೂ ಹೀಗೇ ಇದ್ದಿರಬಹುದು, ಇಲ್ಲದೆಯೂ ಇರಬಹುದು. ಈಗ ಹೇಳ್ಲಿಕ್ಕೆ ಆಗುವುದಿಲ್ಲ," ಅಂದಳು.

ಮಾರ್ಚ್ 26, ಬುಧವಾರ

ಅಲೆಕ್ಸ್‌ನ ಮಾತ್ರೆ ನಾನೇ ಲೆಕ್ಕ ಮಾಡುತ್ತಿದ್ದೆ. ಪ್ರತಿ ಭಾನುವಾರ ಬೈಕಂಪಾಡಿಗೆ ಹೋಗಿ, ಅವನ ಊಟದ ಮೇಜಿನ ಮೇಲೆ ಹರಡಿ. ಒಂದು ಸಲ ಸಹ ತಪ್ಪಿರಲಿಲ್ಲ.

ಮಾರ್ಚ್ 27, ಗುರುವಾರ

ಕುಡಿಯುತ್ತಿದ್ದ, ಹೌದು. ಕುಡಿಯುವವನು ಮಾತ್ರೆ ನುಂಗುವುದಿಲ್ಲ ಅಂತ ಎಲ್ಲಿ ಬರೆದಿದೆ? "ಅಕ್ಕ, ದೇವರಾಣೆ ತೆಗೊಂಡಿದ್ದೇನೆ" ಅನ್ನುತ್ತಿದ್ದ. "ದೇವರನ್ನು ಎಂತಕ್ಕೆ ಎಳೀತಿ, ಚರಂಡಿಗೆ ಹಾಕಿದ್ದು ಅಂತ ಹೇಳು" ಅನ್ನುತ್ತಿದ್ದೆ ನಾನು. ಅವನ ಹೆಂಡತಿ ಮೆಲಿಸಾ ಎದುರು. ಮಗ ಗೇವಿನ್ ಎದುರು. ಎಲ್ಲರೂ ನಗುತ್ತಿದ್ದರು. ಅವನೂ ನಗುತ್ತಿದ್ದ ಅಂತ ನೆನಪು.

ಇರಬಹುದು, ಇಲ್ಲದೆಯೂ ಇರಬಹುದು. ಡಾಕ್ಟರ್ ಹೇಳಿದ್ದು ಅಷ್ಟೇ. ಆದರೆ ಮೆಲಿಸಾಗೆ ಹೇಳಬೇಕು. ಗೇವಿನ್‌ಗೆ ನಾಳೆ ಬಿಪಿ ಬಂದರೆ? ಹೇಳಲೇಬೇಕು.

ಮಾರ್ಚ್ 30, ಭಾನುವಾರ

ಬೈಕಂಪಾಡಿಗೆ ಹೋಗಿ ಬಂದೆ. ರುಡೊಲ್ಫ್ ಬರುತ್ತೇನೆ ಅಂದ, ಬೇಡ ಅಂದೆ.

ಮೆಲಿಸಾ ಒಬ್ಬಳೇ ಇದ್ದಳು. ಚಾ ಮಾಡಿದಳು. ರಿಪೋರ್ಟ್ ಬಿಡಿಸಿ ಮೇಜಿನ ಮೇಲಿಟ್ಟು ಎಲ್ಲ ಹೇಳಿದೆ, ಡಾಕ್ಟರ್ ವಿಭಾ ಹೇಳಿದ ಹಾಗೆಯೇ, ನಿಧಾನಕ್ಕೆ. ಕೊನೆಗೆ ಹೇಳಿದೆ, "ಅಲೆಕ್ಸ್ ನಿಜ ಹೇಳ್ತಿದ್ದ ಅಂತ ಕಾಣ್ತದೆ ಮೆಲಿಸಾ. ನಮಗೆಲ್ಲ ತಪ್ಪಾಯ್ತು."

ಅವಳು ಕಾಗದದ ಮೇಲೆ ಕೈಯಿಟ್ಟಳು. ಆಮೇಲೆ ಮೆಲ್ಲ ಹೇಳಿದಳು.

"ನಮಗೆಲ್ಲ ಅಂತ ಹೇಳ್ಬೇಡಿ ಅಕ್ಕ. ಅವನಿಗೆ ಡಾಕ್ಟ್ರು ಬೇರೆ ಮಾತ್ರೆ ಬರೀತೇನೆ ಅಂದಿದ್ರು. ಪೆನ್ನು ತೆಗೆದಿದ್ರು. ನೀವು ಬೇಡ ಅಂದದ್ದು. ‘ಇದನ್ನೇ ನುಂಗದವ ಅದನ್ನು ನುಂಗ್ತಾನಾ ಡಾಕ್ಟ್ರೇ, ಮೊದಲು ಇದನ್ನು ಸರಿಯಾಗಿ ತೆಗೊಳ್ಳಲಿ’ ಅಂದ್ರಿ. ನೀವು ಹೆಡ್ ನರ್ಸ್ ಅಂತ ಅವರು ಪೆನ್ನು ಕೆಳಗೆ ಇಟ್ರು. ಆಮೇಲೆ ನಾಲ್ಕು ತಿಂಗಳು ಇದ್ದ ಅವನು. ನಾನು ಅವನ ಹತ್ತಿರ ಸರಿಯಾಗಿ ಮಾತಾಡ್ಲಿಲ್ಲ, ಸುಳ್ಳು ಹೇಳ್ತಾನೆ ಅಂತ. ಗಂಡನನ್ನು ಬಿಟ್ಟು ನಿಮ್ಮನ್ನು ನಂಬಿದೆ ಅಕ್ಕ ನಾನು."

ನನಗೆ ಇದು ಮರೆತುಹೋಗಿರಲಿಲ್ಲ. ಇಷ್ಟು ದಿನ ಇಲ್ಲಿ ಬರೆಯಲಿಲ್ಲ, ಅಷ್ಟೇ. ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದ್ದು, ಅಲೆಕ್ಸ್ ನನ್ನ ಮುಖ ನೋಡಿದ್ದು, ಎಲ್ಲ ನೆನಪುಂಟು. ಆಗ ಅವನು ನಗಲಿಲ್ಲ.

ರಿಪೋರ್ಟಿನ ಒಂದು ಕಾಪಿ ಗೇವಿನ್‌ಗೆ ಬೇಕು ಅಂದಳು. ಕೊಟ್ಟೆ. ಗೇಟಿನವರೆಗೆ ಬರಲಿಲ್ಲ. ಚಾ ಹಾಗೆಯೇ ಉಳಿಯಿತು.

ಬಸ್ಸಿನಲ್ಲಿ ಒಂದೇ ಯೋಚನೆ. ರುಡೊಲ್ಫ್ ನನ್ನನ್ನು ನಂಬಲಿಲ್ಲ, ಮೋಸದಿಂದ ಇನ್ನೊಂದು ಮಾತ್ರೆ ಹಾಕಿದ. ನಾನು ಅಲೆಕ್ಸ್‌ನನ್ನು ನಂಬಲಿಲ್ಲ, ಎಲ್ಲರ ಎದುರು ಇನ್ನೊಂದು ಮಾತ್ರೆ ತಪ್ಪಿಸಿದೆ. ನಾನು ಬದುಕಿದ್ದೇನೆ. ಹಾಗಂತ ರುಡೊಲ್ಫ್ ಮೇಲಿನ ಸಿಟ್ಟು ಇಳಿಯಲಿಲ್ಲ. ಇಳಿಯುತ್ತದೆ ಅಂತ ಎಣಿಸಿದ್ದೆ.

ಬಾಗಿಲು ತೆಗೆದವನು ಅವನೇ. "ಎಂತ ಹೇಳಿದಳು ಮೆಲಿಸಾ?" ಅಂತ ಕೇಳಿದ.

"ಎಂತ ಇಲ್ಲ. ಸಮಾಧಾನ ಆಯ್ತು ಅಂದಳು," ಅಂದೆ.

ಅವನು ನಂಬಿದ.